ಮುರಿದ ರೊಟ್ಟಿಯ ಲೆಕ್ಕ: ಹಿನ್ನೀರಿನ ದಂಡೆಯ ಒಂದು ಸಾಮಾಜಿಕ ಉದ್ಯಮದ ಪ್ರಕರಣ ಅಧ್ಯಯನ

ಸಾಮಾಜಿಕ ಉದ್ಯಮದ ಬಗ್ಗೆ ನಡೆಯುವ ತರಬೇತಿಗಳಲ್ಲಿ ಲಾಭವನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಗೆ ಸಾಕಷ್ಟು ಸಮಯ ಸಿಗುತ್ತದೆ. ನಷ್ಟ ಬಂದಾಗ ಅದು ಮೊದಲು ಯಾರ ಮನೆಯ ಬಾಗಿಲು ತಟ್ಟುತ್ತದೆ ಎಂದು ಕೇಳುವವರು ಕಡಿಮೆ. ಬಾಗಲಕೋಟೆ ಜಿಲ್ಲೆಯಲ್ಲಿ ಹೆಣ್ಣುಮಕ್ಕಳೇ ನಡೆಸುವ ಒಂದು ಖಡಕ್ ರೊಟ್ಟಿ ಘಟಕದ ಲೆಕ್ಕಪತ್ರಗಳನ್ನು 2021ರಿಂದ ನಾನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದೇನೆ. ವೃತ್ತಿಯಿಂದ ವಾಣಿಜ್ಯಶಾಸ್ತ್ರದ ಉಪನ್ಯಾಸಕ. ಈ ಎರಡನೆಯ ಪ್ರಶ್ನೆಯನ್ನು ನಾನು ಕಲಿತದ್ದು ಆ ಘಟಕದಲ್ಲಿಯೇ, ಅದೂ ತಡವಾಗಿ. ಊರು, ವ್ಯಕ್ತಿಗಳು ಮತ್ತು ಸಂಸ್ಥೆಯ ಗುರುತನ್ನು ಮರೆಮಾಡಿದ್ದೇನೆ. ಬರೆದದ್ದನ್ನು ಸದಸ್ಯೆಯರ ಸಭೆಯಲ್ಲಿ ಓದಿ ಹೇಳಿ, ಅವರು ಬೇಡವೆಂದ ಎರಡು ಸಂಗತಿಗಳನ್ನು ತೆಗೆದುಹಾಕಿದ್ದೇನೆ.

ಹಿನ್ನೆಲೆ

ಆಲಮಟ್ಟಿ ಅಣೆಕಟ್ಟೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಮುಂದಿನ ನಾಲ್ಕು ದಶಕಗಳಲ್ಲಿ ಜಲಾಶಯ ಮೇಲೇರಿದಂತೆ ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ಹಳ್ಳಿಗಳೂ ಹಳೆಯ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ನೀರಿಗೆ ಹೋದವು. ಊರುಗಳು ಪುನರ್ವಸತಿ ಕೇಂದ್ರಗಳಾಗಿ ಮೇಲಕ್ಕೆ ಬಂದು ಕುಳಿತವು. ನಮ್ಮ ಪ್ರಕರಣದ ಊರು ಅಂಥದ್ದೊಂದು. ಸಾಲು ಸಾಲು ನಿವೇಶನಗಳು, ಅಗಲವಾದ ರಸ್ತೆಗಳು, ಶಾಲೆ, ಸಮುದಾಯ ಭವನ ಎಲ್ಲವೂ ಇವೆ. ಆದರೆ ಹೊಳೆ ದಂಡೆಯ ಎರೆ ಹೊಲಗಳಿಲ್ಲ. ಪರಿಹಾರದ ಹಣ ಮನೆ ಕಟ್ಟುವುದಕ್ಕೆ, ಮದುವೆಗಳಿಗೆ, ಆಸ್ಪತ್ರೆಗೆ ಕರಗಿತು. ಗಂಡಸರು ಕಟ್ಟಡದ ಕೆಲಸಕ್ಕೆಂದು ಗೋವಾ, ಮಂಗಳೂರು, ಪುಣೆಗೆ ಹೋಗುತ್ತಾರೆ. ಕೆಲವು ಕುಟುಂಬಗಳು ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಹೊರಟು ಬೇಸಿಗೆಗೆ ಮರಳುತ್ತವೆ.

ಸಂಸ್ಥಾಪಕಿ ಈ ಊರಿನ ಸೊಸೆ. ಪಿಯುಸಿ ಓದಿದವರು, ಆಗ 34 ವರ್ಷದವರು. ಬ್ಯಾಂಕಿನ ಪರವಾಗಿ ಊರಿನಲ್ಲಿ ಹಣ ಕೊಡುವ, ಕಟ್ಟಿಸಿಕೊಳ್ಳುವ ಬ್ಯಾಂಕ್ ಮಿತ್ರರಾಗಿ ಕೆಲಸ ಮಾಡುತ್ತಿದ್ದರು. ಯಾರ ಖಾತೆಗೆ ಎಲ್ಲಿಂದ ಎಷ್ಟು ಹಣ ಬರುತ್ತದೆ, ಯಾವ ವಾರ ಅದು ಪೂರ್ತಿ ಖಾಲಿಯಾಗುತ್ತದೆ ಎಂಬುದು ಅವರ ಕೈಯಲ್ಲಿದ್ದ ಪುಟ್ಟ ಯಂತ್ರದಲ್ಲಿ ಕಾಣುತ್ತಿತ್ತು. ಕಿರುಸಾಲದ ಕಂಪನಿಗಳವರು ಸೋಮವಾರ ಬೆಳಗ್ಗೆ ಕಂತಿಗೆ ಬರುತ್ತಾರೆ; ಶನಿವಾರ ಮತ್ತು ರವಿವಾರ ಹೆಣ್ಣುಮಕ್ಕಳು ಇವರ ಮನೆ ಬಾಗಿಲಲ್ಲಿ ಹೆಬ್ಬೆರಳು ಒತ್ತಲು ಸಾಲುಗಟ್ಟುತ್ತಾರೆ. ಗಂಡ ಕಳಿಸಿದ ಹಣ ಒಂದು ವಾರ ಬರದಿದ್ದರೆ ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದು ಕಂಪನಿಯ ಸಾಲ ಎತ್ತುತ್ತಾರೆ. 2020ರ ಲಾಕ್‌ಡೌನಿನಲ್ಲಿ ಗಂಡಸರೆಲ್ಲ ಊರಿಗೆ ಬಂದು ಕುಳಿತಾಗ ಈ ಸರಪಳಿ ಎಷ್ಟು ಬಿಗಿಯಾಗಿದೆ ಎಂಬುದು ಪೂರ್ತಿ ಬಯಲಾಯಿತು. ಹೆಣ್ಣುಮಕ್ಕಳಿಗೆ ಊರಿನಲ್ಲಿಯೇ ವಾರಕ್ಕೊಮ್ಮೆ ಕೈಗೆ ಹಣ ಸಿಗುವ ಕೆಲಸ ಬೇಕು ಎಂಬ ಅವರ ಯೋಚನೆ ಹುಟ್ಟಿದ್ದು ಅಲ್ಲಿಂದ. ವಾರಕ್ಕೊಮ್ಮೆ ಎಂಬ ಆ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅವರು ಸ್ವತಃ ಒಂದು ಹಂತದಲ್ಲಿ ಅದನ್ನು ಮರೆತರು, ನಾನೂ ಮರೆತೆ.

ಕೆಲಸ ಯಾವುದಿರಬೇಕು ಎಂಬುದರಲ್ಲಿ ಹೆಚ್ಚು ಹುಡುಕಾಟವಿರಲಿಲ್ಲ. ಈ ಭಾಗದ ಹೆಣ್ಣುಮಗಳ ಕೈಗೆ ಎಳವೆಯಿಂದ ಬಂದ ವಿದ್ಯೆ ಜೋಳದ ರೊಟ್ಟಿ ಬಡಿಯುವುದು. ವಿಜಯಪುರ, ಬಾಗಲಕೋಟೆಯ ಖಾನಾವಳಿಗಳಿಗೆ, ಹಾಸ್ಟೆಲುಗಳಿಗೆ, ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಮಕ್ಕಳಿಗೆ ರೊಟ್ಟಿ ಬೇಕೇ ಬೇಕು. ಖಡಕ್ ರೊಟ್ಟಿಯಾದರೆ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. 2021ರ ಆಗಸ್ಟಿನಲ್ಲಿ 11 ಮಂದಿಯೊಂದಿಗೆ ಘಟಕ ಶುರುವಾಯಿತು.

ಮಾದರಿಯಾಗಿ ಸಂಸ್ಥಾಪಕಿಯ ಮನಸ್ಸಿನಲ್ಲಿದ್ದದ್ದು ಲಿಜ್ಜತ್ ಪಾಪಡ್. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಕುಳಿತ ಕಥೆಯನ್ನು ಅವರು ಒಂದು ತರಬೇತಿಯಲ್ಲಿ ಕೇಳಿದ್ದರು. ಅಲ್ಲಿ ಕೇಂದ್ರದಲ್ಲಿ ನಾದಿದ ಹಿಟ್ಟನ್ನು ಸದಸ್ಯೆಯರು ಮನೆಗೊಯ್ದು ಲಟ್ಟಿಸಿ ತರುತ್ತಾರೆ. ಜೋಳದಲ್ಲಿ ಅದು ಆಗದು. ಗೋಧಿಯಲ್ಲಿರುವ ಅಂಟಿನ ಗುಣ ಜೋಳಕ್ಕಿಲ್ಲ. ಕುದಿಯುವ ಎಸರನ್ನು ಹಿಟ್ಟಿನ ನಡುವಿನ ಗುಳಿಗೆ ಸುರಿದು, ಅದು ಹಬೆಯಾಡುತ್ತಿರುವಾಗಲೇ ಅಂಗೈಯ ಬುಡದಿಂದ ಒತ್ತಿ ನಾದಿದರೆ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ಆರಿದರೆ ರೊಟ್ಟಿಯ ಅಂಚು ಸೀಳುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿನದೂ ಅದೇ ಗತಿ. ಹಾಗಾಗಿ ಗಿರಣಿಯಲ್ಲಿ ವಾರಕ್ಕೆರಡು ಸಲ ಬೀಸಿದ ಹಿಟ್ಟನ್ನು ಮನೆಮನೆಗೆ ಕೊಟ್ಟು, ರೊಟ್ಟಿಯನ್ನು ಎಣಿಸಿ ತೆಗೆದುಕೊಳ್ಳುವ ಪದ್ಧತಿ ಬಂತು. ಲಿಜ್ಜತ್ತಿನಿಂದ ಮನೆಗೆಲಸದ ಕ್ರಮವನ್ನು ಹೀಗೆ ಬದಲಿಸಿ ತೆಗೆದುಕೊಂಡೆವು. ಆದರೆ ಲಟ್ಟಿಸಿದ ಹಪ್ಪಳ ತಂದ ಹೆಣ್ಣುಮಗಳಿಗೆ ಅಂದಿನ ಮಜೂರಿ ಅಂದೇ ಕೊಡುವುದು ಅವರ ಪದ್ಧತಿಯ ಜೀವಾಳ ಎಂಬುದನ್ನು ಗಮನಿಸಲಿಲ್ಲ.

ಮುರಿಯುವ ರೊಟ್ಟಿ

ಒಂದು ರೊಟ್ಟಿಗೆ ಮಜೂರಿ 2 ರೂಪಾಯಿ. ಒಬ್ಬೊಬ್ಬರು ವಾರದಲ್ಲಿ ನಾಲ್ಕು ದಿನ, ದಿನಕ್ಕೆ ಸುಮಾರು ನೂರು ರೊಟ್ಟಿ ಬಡಿಯುತ್ತಿದ್ದರು. ಕಿಲೋ ಜೋಳಕ್ಕೆ 40 ರೂಪಾಯಿ, ಅದರಲ್ಲಿ 24 ರೊಟ್ಟಿ. ಜೋಳ, ಬೀಸುವುದು, ಉರುವಲು, ಮಜೂರಿ, ಪ್ಯಾಕಿಂಗ್, ಸಾಗಣೆ ಎಲ್ಲ ಸೇರಿ ರೊಟ್ಟಿಯೊಂದಕ್ಕೆ 5.50 ರೂಪಾಯಿ ತಗಲುತ್ತಿತ್ತು. ಸಗಟು ಮಾರಾಟ 6.50ಕ್ಕೆ. ನೂರು ರೊಟ್ಟಿಗೆ ನೂರು ರೂಪಾಯಿ ಉಳಿಯಬೇಕು. ಆದರೆ ಬೆಂಗಳೂರಿಗೆ ಬಸ್ಸಿನಲ್ಲಿ ಹೋದ ಪೆಟ್ಟಿಗೆಗಳಲ್ಲಿ ನೂರಕ್ಕೆ 12 ರೊಟ್ಟಿ ಮುರಿದು ತಲುಪುತ್ತಿದ್ದವು. ಉಳಿದ 88ರಿಂದ ಬರುವುದು 572 ರೂಪಾಯಿ, ಖರ್ಚು 550. ನೂರು ರೂಪಾಯಿ ಉಳಿಯಬೇಕಾದಲ್ಲಿ 22 ಉಳಿಯುತ್ತಿತ್ತು. ಘಟಕಕ್ಕೆ ಸಂಸ್ಥಾಪಕಿ ಹಾಕಿದ್ದ ಬಂಡವಾಳ ಕಣ್ಣೆದುರೇ ಕರಗುತ್ತಿತ್ತು.

ನವೆಂಬರಿನಲ್ಲಿ ಅವರೊಂದು ತೀರ್ಮಾನ ತೆಗೆದುಕೊಂಡರು: ಮುರಿದ ರೊಟ್ಟಿಗೆ ಮಜೂರಿ ಇಲ್ಲ. ಯಾರ ರೊಟ್ಟಿ ಮುರಿಯಿತೆಂದು ಬೆಂಗಳೂರಿನಿಂದ ತಿಳಿಯುವ ದಾರಿ ಇರಲಿಲ್ಲವಾದ್ದರಿಂದ ಎಲ್ಲರ ಮಜೂರಿಯಿಂದಲೂ ನೂರಕ್ಕೆ 12ರಂತೆ ಕಡಿತ ಮಾಡಲಾಯಿತು. ಪುಸ್ತಕದಲ್ಲಿ ಕಡಿತದ ಕಾಲಮ್ಮಿಗೆ ಗೆರೆ ಎಳೆದು ಕೊಟ್ಟವನು ನಾನು. ಒಬ್ಬ ಹೆಣ್ಣುಮಗಳಿಗೆ ವಾರಕ್ಕೆ 96 ರೂಪಾಯಿ ಹೋಗುತ್ತಿತ್ತು. ಗುಣಮಟ್ಟ ಸುಧಾರಿಸಲು ಇದೊಂದು ಉತ್ತೇಜನ ಎಂದು ನಾನು ಆಗ ಹೇಳಿದ್ದೂ ನೆನಪಿದೆ. ಪುಸ್ತಕದಲ್ಲಿ ಓದಿದ ಮಾತು ಅದು, ಕಲಿಸುವಾಗಲೂ ಆಡುತ್ತಿದ್ದೆ.

ಯಾರೂ ಜಗಳ ಮಾಡಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಇಂಥದ್ದಕ್ಕೆ ಜಗಳ ಮಾಡುವುದು ಕಡಿಮೆ. ಸುಮ್ಮನೆ ಬರುವುದನ್ನು ಬಿಡುತ್ತಾರೆ. ಒಬ್ಬರಿಗೆ ಮಗಳ ಬಾಣಂತನ, ಇನ್ನೊಬ್ಬರಿಗೆ ಅತ್ತೆಯ ಕಾಯಿಲೆ, ಮತ್ತೊಬ್ಬರಿಗೆ ಹೊಲದ ಕೆಲಸ. ಜನವರಿಯ ಹೊತ್ತಿಗೆ 19 ಮಂದಿಯಲ್ಲಿ ಆರು ಮಂದಿ ಬಿಟ್ಟಿದ್ದರು. ಕಾರಣಗಳೆಲ್ಲ ನಿಜವೆಂದೇ ನಾವು ನಂಬಿದೆವು.

ಸಂಗತಿಯನ್ನು ಬಾಯಿಬಿಟ್ಟು ಹೇಳಿದವರು ಎಲ್ಲರಿಗಿಂತ ಹಿರಿಯರು, ಊರೆಲ್ಲ ಆಯಿ ಎಂದು ಕರೆಯುವವರು. ವಾಪಸು ಬಂದಿದ್ದ ಒಂದು ಪೆಟ್ಟಿಗೆಯನ್ನು ಅವರೇ ಬಿಚ್ಚಿ, ಚೂರುಗಳನ್ನು ಪರಾತದಲ್ಲಿ ಹರವಿ, ಸಂಸ್ಥಾಪಕಿಯ ಮುಂದೆ ಇಟ್ಟರು.

“ಬ್ಯಾಂಕಿನ ಅಕ್ಕಾರ, ಇವು ನಮ್ಮ ಮನ್ಯಾಗ ಮುರದಾವೋ, ಬಸ್ಸಿನ್ಯಾಗ ಮುರದಾವೋ, ಎಣಸಿದವ್ರು ಯಾರ್ರಿ?”

ಎಣಿಸಿದವರು ಯಾರೂ ಇರಲಿಲ್ಲ. ಇಡೀ ಪ್ರಕರಣದ ಮೊದಲ ತಿರುವು ಈ ಪ್ರಶ್ನೆ ಎಂದು ನಾನು ಭಾವಿಸುತ್ತೇನೆ. ನಷ್ಟವನ್ನು ಮಜೂರಿಯ ಮೇಲೆ ಹಾಕಿದ್ದರಿಂದ ಅದರ ಕಾರಣ ಹುಡುಕುವ ಅಗತ್ಯವೇ ನಮಗೆ ಬಿದ್ದಿರಲಿಲ್ಲ. ಲೆಕ್ಕದಲ್ಲಿ ತೂತು ಮುಚ್ಚಿತ್ತು, ರೊಟ್ಟಿ ಮುರಿಯುತ್ತಲೇ ಇತ್ತು. ಕಡಿತವನ್ನು ಆ ವಾರವೇ ನಿಲ್ಲಿಸಿದೆವು. ಮುಂದಿನ ಹದಿನೈದು ದಿನ ಪ್ರತಿಯೊಂದು ಪೆಟ್ಟಿಗೆಯನ್ನೂ ಮನೆಯಿಂದ ತಂದಾಗ, ಕಟ್ಟುವಾಗ, ಬಸ್ ನಿಲ್ದಾಣದಲ್ಲಿ ಮತ್ತು ತಲುಪಿದ ಮೇಲೆ, ಹೀಗೆ ನಾಲ್ಕು ಕಡೆ ಎಣಿಸಿದೆವು. ಹೆಣ್ಣುಮಕ್ಕಳ ಮನೆಯಿಂದ ಬಂದ ನೂರರಲ್ಲಿ ಒಂದು ಮುರಿದಿದ್ದರೆ ಹೆಚ್ಚು. ಉಳಿದದ್ದೆಲ್ಲ ನಾವು ಕಟ್ಟಿದ ರೀತಿಯಲ್ಲಿ ಮತ್ತು ಬಸ್ಸಿನ ಡಿಕ್ಕಿಯಲ್ಲಿ ಮುರಿದದ್ದು.

ಪರಿಹಾರವೂ ಆಯಿಯಿಂದಲೇ ಬಂತು. ಹೊಲಕ್ಕೆ ಬುತ್ತಿ ಒಯ್ಯುವಾಗ ರೊಟ್ಟಿಯನ್ನು ಅರಿವೆಯಲ್ಲಿ ಬಿಗಿದು ಕಟ್ಟುತ್ತಾರೆ. “ಬಿಗಿ ಕಟ್ಟಿದ ರೊಟ್ಟಿ ಹೊಲಕ್ಕ ಹೋಗಿ ಬಂದ್ರೂ ಮುರಿಯೂದಿಲ್ಲ ಯವ್ವಾ, ಸಡ್ಲ ಇದ್ರ ಕಟ್ಟಿ ಮ್ಯಾಲ ಇಟ್ರೂ ಮುರಿತಾವ” ಎಂದು ಅವರು ಹೇಳಿದ್ದನ್ನು ಕೇಳಿ, ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಇಡುವುದನ್ನು ಬಿಟ್ಟೆವು. ರೊಟ್ಟಿಗಳ ಅಗಲ ಒಂದೇ ಆಗಿರಲೆಂದು ಎಲ್ಲರಿಗೂ ಒಂದೊಂದು ತಗಡಿನ ಬಳೆ ಕೊಟ್ಟೆವು, ಏಕೆಂದರೆ ಹೊರಗೆ ಚಾಚಿದ ಅಂಚೇ ಮೊದಲು ಒಡೆಯುತ್ತಿತ್ತು. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸಿ ಪೂರ್ತಿ ಒಣಗಿಸುವ ಹಳೆಯ ಕ್ರಮವನ್ನು ಅವಸರದಲ್ಲಿ ಕೈಬಿಟ್ಟವರೂ ಇದ್ದರು, ಅದನ್ನು ಮತ್ತೆ ಕಡ್ಡಾಯ ಮಾಡಿದೆವು. ಎರಡು ರಟ್ಟಿನ ಬಿಲ್ಲೆಗಳ ನಡುವೆ 25 ರೊಟ್ಟಿ, ಮೇಲೆ ಬಿಗಿಯಾದ ಪಟ್ಟಿ, ಆಮೇಲೆ ಪೆಟ್ಟಿಗೆ. ಮುರಿಯುವುದು ನೂರಕ್ಕೆ 3ಕ್ಕೆ ಇಳಿಯಿತು. ಚೂರುಗಳಿಗೆ ಒಗ್ಗರಣೆ ಹಾಕಿ, ಶೇಂಗಾ ಸೇರಿಸಿ ಊರಿನ ಅಂಗಡಿಗಳಿಗೆ ಕೊಡತೊಡಗಿದೆವು. ಅದರಿಂದ ಬರುವುದು ಚಿಲ್ಲರೆ ಹಣ. 2022ರ ಬೇಸಿಗೆಯಲ್ಲಿ ಮಜೂರಿಯನ್ನು 2.50ಕ್ಕೆ, ಮಾರಾಟದ ದರವನ್ನು 7ಕ್ಕೆ ಏರಿಸಲು ಸಾಧ್ಯವಾಯಿತು. ಬಿಟ್ಟುಹೋದ ಆರರಲ್ಲಿ ಇಬ್ಬರು ಮರಳಿ ಬಂದರು. ನಾಲ್ವರು ಬರಲಿಲ್ಲ.

ದೊಡ್ಡ ಆರ್ಡರು

ಆ ವರ್ಷದ ದಸರೆಯ ಹೊತ್ತಿಗೆ 26 ಮಂದಿ ಇದ್ದರು. ಮಾರಾಟ ಬೆಳೆದು, ಆಹಾರ ಸುರಕ್ಷತೆಯ ಸರಳ ನೋಂದಣಿಗಿದ್ದ ವಾರ್ಷಿಕ 12 ಲಕ್ಷ ರೂಪಾಯಿಯ ಮಿತಿ ದಾಟಿದ್ದರಿಂದ ಪರವಾನಗಿ ಪಡೆಯಬೇಕಾಯಿತು. ಅದಕ್ಕಾಗಿ ಮನೆಮನೆಯ ಕೆಲಸವನ್ನು ಸಮುದಾಯ ಭವನದ ಪಕ್ಕದ ಶೆಡ್ಡಿಗೆ ತಂದೆವು. ಮನೆಯಲ್ಲಿ ಎಮ್ಮೆ, ಕೂಸು ಇರುವವರಿಗೆ ಇದು ಸುಲಭವಾಗಿರಲಿಲ್ಲ.

ಆಗ ದೊಡ್ಡ ನಗರವೊಂದರ ಮಳಿಗೆ ಸರಪಳಿಯಿಂದ ತಿಂಗಳಿಗೆ 20,000 ರೊಟ್ಟಿಯ ಆರ್ಡರು ಬಂತು. ನಮ್ಮ ಒಟ್ಟು ಉತ್ಪಾದನೆಯ ಹತ್ತಿರ ಹತ್ತಿರ ಅರ್ಧ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಣೆಯಾಗಿತ್ತು, ಜೋಳವೂ ಅದರಲ್ಲಿ ಸೇರಿತ್ತು, ನಗರದ ಮಳಿಗೆಗಳು ಇಂಥ ಪದಾರ್ಥಗಳನ್ನು ಹುಡುಕುತ್ತಿದ್ದವು. ಕರಾರಿನಲ್ಲಿ ಹಣಕ್ಕೆ 60 ದಿನ ಗಡುವು ಎಂದಿತ್ತು. ಸಂಸ್ಥಾಪಕಿ ಒಪ್ಪಿದರು, ನಾನೂ ತಡೆಯಲಿಲ್ಲ. ಎರಡು ತಿಂಗಳ ಸರಕು ಹೋಯಿತು, 2.8 ಲಕ್ಷ ರೂಪಾಯಿ ಬರಬೇಕು. ಅರವತ್ತು ದಿನ ತೊಂಬತ್ತಾಯಿತು. ಕೈಯಲ್ಲಿದ್ದದ್ದೆಲ್ಲ ಜೋಳಕ್ಕೆ ಹೋಗಿ, ವಾರಕ್ಕೆ 26,000 ರೂಪಾಯಿಯ ಮಜೂರಿ ಸತತ ಐದು ವಾರ ಬಾಕಿ ಬಿತ್ತು.

ಈ ಐದು ವಾರಗಳಲ್ಲಿ ಏನಾಯಿತೆಂದು ಸಂಸ್ಥಾಪಕಿಗೆ ತಿಳಿದದ್ದು ತಮ್ಮ ಇನ್ನೊಂದು ಕೆಲಸದಿಂದ. ಘಟಕದ ಒಂಬತ್ತು ಹೆಣ್ಣುಮಕ್ಕಳ ಖಾತೆಗಳಿಗೆ ಹೊಸ ಕಿರುಸಾಲ ಜಮೆಯಾಗಿ, ಅದೇ ವಾರ ಹಳೆಯ ಕಂತಿಗಾಗಿ ಹೊರಬಂದದ್ದು ಅವರ ಯಂತ್ರದಲ್ಲಿಯೇ ಕಂಡಿತು. ಯಾವ ಸಾಲದ ಕೊರಳಪಟ್ಟಿಯಿಂದ ಬಿಡಿಸಬೇಕೆಂದು ಘಟಕ ಕಟ್ಟಿದ್ದರೋ ಅದರೊಳಕ್ಕೆ ಘಟಕವೇ ಅವರನ್ನು ತಳ್ಳಿತ್ತು. ಲೆಕ್ಕಪುಸ್ತಕದಲ್ಲಿ ಆ ಬಾಕಿ ಕೊಡಬೇಕಾದ ಮಜೂರಿ ಎಂಬ ಒಂದೇ ಸಾಲಿನಲ್ಲಿತ್ತು. ಅದಕ್ಕೆ ಬಡ್ಡಿ ಕಟ್ಟುತ್ತಿದ್ದವರು ರೊಟ್ಟಿ ಬಡಿದವರು. ಮಳಿಗೆಯ ಸರಕಿಗೆ ಬಂಡವಾಳ ಹೂಡಿದ್ದು ನಮ್ಮ ಊರಿನ ಒಂಬತ್ತು ಹೆಣ್ಣುಮಕ್ಕಳು ಎಂದು ಹೇಳಿದರೆ ತಪ್ಪಾಗದು.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಕರಾರಿನಲ್ಲಿ ಏನೇ ಬರೆದಿದ್ದರೂ, 45 ದಿನಗಳೊಳಗೆ ಕೊಡಬೇಕು. ತಡವಾದರೆ ಚಕ್ರಬಡ್ಡಿಯೂ ಸೇರುತ್ತದೆ. 60 ದಿನದ ಕರಾರಿಗೆ ಸಹಿ ಹಾಕುವ ಅಗತ್ಯವೇ ಇರಲಿಲ್ಲ. ಆದರೆ ಈ ರಕ್ಷಣೆಗೆ ಬೇಕಾದ ಉದ್ಯಮ್ ನೋಂದಣಿಯನ್ನು, ಅಂದರೆ ಇಂಥ ಉದ್ಯಮಗಳು ಕೇಂದ್ರ ಸರ್ಕಾರದಲ್ಲಿ ಮಾಡಿಸಿಕೊಳ್ಳುವ ನೋಂದಣಿಯನ್ನು, ನಾವು ಮಾಡಿಸಿರಲಿಲ್ಲ. ಒಂದು ಮಧ್ಯಾಹ್ನದ ಕೆಲಸ, ಶುಲ್ಕವೂ ಇಲ್ಲ. ಅದು ನನ್ನ ಕರ್ತವ್ಯವಾಗಿತ್ತು. ಇಂಥ ಘಟಕಗಳಿಗೆ ಸಲಹೆ ಕೊಡುವ ನನ್ನಂಥವರು ಮೊದಲ ವಾರದಲ್ಲಿಯೇ ಈ ನೋಂದಣಿ ಮಾಡಿಸಬೇಕು.

ಸಂಸ್ಥಾಪಕಿ ತಮ್ಮ ಬಂಗಾರವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಐದೂ ವಾರದ ಮಜೂರಿ ಕೊಟ್ಟರು. ಮಳಿಗೆಯ ಹಣ 117ನೆಯ ದಿನಕ್ಕೆ ಬಂತು. ಅದು ಬಂದ ದಿನವೇ 1,04,000 ರೂಪಾಯಿಯನ್ನು, ಅಂದರೆ ನಾಲ್ಕು ವಾರದ ಮಜೂರಿಯನ್ನು, ಬೇರೆ ಖಾತೆಯಲ್ಲಿ ಇಟ್ಟು ಅದಕ್ಕೆ ಮಜೂರಿ ನಿಧಿ ಎಂದು ಹೆಸರಿಟ್ಟೆವು. ಉದ್ದರಿಯಲ್ಲಿ ಹೊರಗಿರುವ ಹಣ ಯಾವ ಕಾಲಕ್ಕೂ ಈ ನಿಧಿಯನ್ನು ಮೀರಬಾರದು ಎಂಬ ನಿಯಮವೂ ಅಂದೇ ಆಯಿತು. ಮಳಿಗೆಯ ಮುಂದಿನ ಆರ್ಡರನ್ನು ಬಿಟ್ಟುಕೊಟ್ಟೆವು. ವಾರ ವಾರ ಹಣ ಕೊಡುವ ಸಣ್ಣ ಖಾನಾವಳಿಗಳ ಕಡೆಗೆ ಮತ್ತೆ ತಿರುಗಿದೆವು. ಬೆಳವಣಿಗೆ ಒಂದು ವರ್ಷ ಹಿಂದೆ ಬಿತ್ತು. ಅದು ಸರಿಯಾದ ತೀರ್ಮಾನ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಯಾರ ಹೆಸರಿನಲ್ಲಿ

ಬಂಗಾರ ಅಡವಿಟ್ಟ ಸಂಗತಿ ಊರಿಗೆ ಗೊತ್ತಾದಾಗ ಸಂಸ್ಥಾಪಕಿಯ ಮೇಲೆ ಎಲ್ಲರಿಗೂ ಅಭಿಮಾನ ಹೆಚ್ಚಿತು. ಆದರೂ ಮುಂದಿನ ಸಭೆಯಲ್ಲಿ ಒಬ್ಬ ಎಳೆಯ ಸದಸ್ಯೆ ಕೇಳಿದ ಮಾತು ಬೇರೆಯೇ ಆಗಿತ್ತು: “ಸಾಲಾನೂ ನಿಮ್ಮ ಹೆಸರ್ಲೆ, ಲಾಭಾನೂ ನಿಮ್ಮ ಹೆಸರ್ಲೆ ಅಕ್ಕಾರ. ನಷ್ಟ ಬಂದ್ರ ಅದ್ಯಾಕ ಎಲ್ಲಾರ ಹೆಸರ್ಲೆ ಬರತೈತ್ರಿ?” ಘಟಕ ಅಲ್ಲಿಯವರೆಗೆ ಸಂಸ್ಥಾಪಕಿಯ ಏಕವ್ಯಕ್ತಿ ಸಂಸ್ಥೆಯಾಗಿತ್ತು.

ಸಾಮಾಜಿಕ ಉದ್ಯಮಕ್ಕೆಂದೇ ಪ್ರತ್ಯೇಕವಾದ ಕಾನೂನು ರೂಪ ನಮ್ಮಲ್ಲಿಲ್ಲ. ಟ್ರಸ್ಟ್, ಕಂಪನಿ ಕಾಯ್ದೆಯಲ್ಲಿರುವ ಲಾಭಾಂಶ ಹಂಚದ 8ನೆಯ ಸೆಕ್ಷನ್ನಿನ ಕಂಪನಿ, ಸಹಕಾರ ಸಂಘ, 1997ರ ಕಾಯ್ದೆಯ ಸೌಹಾರ್ದ ಸಹಕಾರಿ, ಉತ್ಪಾದಿಸುವವರೇ ಸದಸ್ಯರೂ ಒಡೆಯರೂ ಆಗಿರುವ ಉತ್ಪಾದಕರ ಕಂಪನಿ, ಇವುಗಳಲ್ಲಿ ಒಂದನ್ನು ಆರಿಸಬೇಕು. ಸಹಕಾರ ನಮ್ಮ ಸೀಮೆಗೆ ಹೊಸದಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗ ಹತ್ತಿರದ ಕಣಗಿನಹಾಳದಲ್ಲಿ ಕಟ್ಟಿದ ಸಂಘದ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಆದರೂ ಸದಸ್ಯೆಯರು ಉತ್ಪಾದಕರ ಕಂಪನಿಯನ್ನು ಒಪ್ಪಿದರು. ಊರಿನ ಸಹಕಾರ ಸಂಘದ ಚುನಾವಣೆಗಳಲ್ಲಿ ಪಕ್ಷ ರಾಜಕಾರಣ ಹೊಕ್ಕಿದ್ದನ್ನು ಅವರು ಕಂಡಿದ್ದರು. ಉತ್ಪಾದಕರ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ. ಉಳಿಕೆಯನ್ನು ಷೇರಿನ ಬದಲು ಮಾಡಿದ ಕೆಲಸದ ಪ್ರಮಾಣದಲ್ಲಿ ಹಂಚಬಹುದು.

ಈ ರೂಪದ ಒಂದು ನಿಯಮ ನಮ್ಮ ಪ್ರಕರಣದ ಎರಡನೆಯ ದೊಡ್ಡ ತಿರುವಾಯಿತು. ಉತ್ಪಾದಕರ ಕಂಪನಿಗೆ ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕರು ಇರಲೇಬೇಕು, ಮತ್ತು ಅವರು ಸದಸ್ಯರಲ್ಲದವರಾಗಿರಬೇಕು. ಸಂಸ್ಥಾಪಕಿ ಸದಸ್ಯೆಯಾಗಿ ಮತ ಇಟ್ಟುಕೊಳ್ಳಬೇಕೋ, ಸಂಬಳಕ್ಕೆ ನಡೆಸುವವರಾಗಬೇಕೋ ಆರಿಸಬೇಕಾಯಿತು. ಎರಡು ವಾರ ಅವರು ಯಾರೊಂದಿಗೂ ಹೆಚ್ಚು ಮಾತನಾಡಲಿಲ್ಲ. ತಾವು ಕಟ್ಟಿದ ಮನೆಯಲ್ಲಿ ತಾವೇ ಆಳಾಗಬೇಕೇ ಎಂಬ ನೋವು ಅವರಿಗಿತ್ತು, ಅದನ್ನು ನನ್ನ ಮುಂದೆ ಹೇಳಿಕೊಂಡರು. ಕೊನೆಗೆ ಎರಡನೆಯದನ್ನು ಆರಿಸಿಕೊಂಡರು. 2023ರ ಜುಲೈಯಲ್ಲಿ ಕಂಪನಿ ನೋಂದಣಿಯಾಯಿತು. 26 ಮಂದಿ ತಲಾ 1,000 ರೂಪಾಯಿಯ ಷೇರನ್ನು ವಾರಕ್ಕೆ 20ರಂತೆ ಕಟ್ಟಿದರು. ಐವರು ನಿರ್ದೇಶಕಿಯರಲ್ಲಿ ಆಯಿಯೂ ಒಬ್ಬರು. ಹೆಬ್ಬೆಟ್ಟಿನವರಾದರೂ ಲೆಕ್ಕ ಓದಿ ಹೇಳುವಾಗ ಒಂದು ಅಂಕಿ ತಪ್ಪಿದರೆ ಹಿಡಿಯುತ್ತಾರೆ.

ಹೊಸ ಮಂಡಳಿಯ ಮೊದಲ ದೊಡ್ಡ ಚರ್ಚೆ ಯಂತ್ರದ ಬಗ್ಗೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಶೇಕಡ 35ರ ಸಹಾಯಧನವಿತ್ತು, ಕರ್ನಾಟಕ ಸರ್ಕಾರ ಅದಕ್ಕೆ ಇನ್ನೂ ಶೇಕಡ 15 ಸೇರಿಸುತ್ತಿತ್ತು. ಒತ್ತಿ ಬೇಯಿಸುವ ಪೂರ್ತಿ ಯಂತ್ರ ಕೊಂಡರೆ ಏಳೆಂಟು ಮಂದಿಯಲ್ಲಿ ಕೆಲಸ ಮುಗಿಯುತ್ತಿತ್ತು. ಹೊರಗಿನವರಾದ ನಾವು ಇದನ್ನು ಉದ್ಯೋಗವೋ ದಕ್ಷತೆಯೋ ಎಂಬ ಪ್ರಶ್ನೆಯಾಗಿ ನೋಡುತ್ತಿದ್ದೆವು. ಸದಸ್ಯೆಯರಲ್ಲಿ ಬೇರೆ ಒಡಕಿತ್ತು: ಎಳೆಯರಿಗೆ ಯಂತ್ರ ಬೇಕು, ಹಿರಿಯರಿಗೆ ಬೇಡ. ಭುಜದ ನೋವಿನಿಂದ ರಾತ್ರಿ ನಿದ್ದೆ ಇಲ್ಲದ ಒಬ್ಬರು ಎದ್ದು ಹೇಳಿದರು: “ರೊಟ್ಟಿ ಬಡ್ಯಾಕ ನನಗ ಬ್ಯಾಸರಿಲ್ರಿ. ಕುದಿ ನೀರಿನ ಹಿಟ್ಟು ನಾದೂದೊಂದ ಬ್ಯಾಡಾಗೇತಿ.” ಅವರ ಅಂಗೈ ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಸಹಾಯಧನದಲ್ಲಿ ನಾದುವ ಯಂತ್ರ, ಸ್ವಂತ ಗಿರಣಿ, ಹೊಗೆಗೊಳವೆ ಇರುವ ಒಲೆಗಳು ಬಂದವು. ಬಡಿಯುವುದು ಕೈಯಲ್ಲಿಯೇ ಉಳಿಯಿತು. ಯಾವ ಸಲಹೆಗಾರನ ವರದಿಯಲ್ಲಿಯೂ ಈ ಉತ್ತರ ಇರಲಿಲ್ಲ, ನನ್ನದರಲ್ಲಿಯೂ ಇರಲಿಲ್ಲ.

ಬರದ ವರ್ಷ

2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಡೋಣಿ ಹೊಳೆಯ ದಂಡೆಯ ಬಗ್ಗೆ ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂದು ಹಿಂದಿನವರು ಹೇಳುವ ವಿಜಯಪುರದ ಸೀಮೆಯಲ್ಲಿಯೂ ಜೋಳ ಕಾಣದಾಯಿತು. ನಾವು 42 ರೂಪಾಯಿಗೆ ಕೊಳ್ಳುತ್ತಿದ್ದ ಮಾಲದಂಡಿ ಜೋಳ ಡಿಸೆಂಬರಿಗೆ 68 ಆಯಿತು. ಒಂದು ರೊಟ್ಟಿಯ ಖರ್ಚು ಒಂದು ರೂಪಾಯಿ ಎಂಟು ಪೈಸೆ ಏರಿತು. ಉಳಿಯುತ್ತಿದ್ದದ್ದು 80 ಪೈಸೆಗಿಂತ ಕಡಿಮೆ. ಅಕ್ಕಿ ಹಿಟ್ಟು ಬೆರೆಸೋಣವೆಂಬ ಮಾತು ಬಂತು, ಒಂದೇ ಸಭೆಯಲ್ಲಿ ಬಿದ್ದುಹೋಯಿತು. ದರವನ್ನು 7.50 ಮಾಡಿದಾಗ ಕೆಲವು ಖಾನಾವಳಿಗಳು ಬಿಟ್ಟವು.

ಆಗ ನಿರ್ದೇಶಕಿಯರು ತಾವಾಗಿ ಇಟ್ಟ ಪ್ರಸ್ತಾಪ ನನ್ನನ್ನು ಬೆಚ್ಚಿಸಿತು: ಯುಗಾದಿಯವರೆಗೆ ರೊಟ್ಟಿಗೆ 25 ಪೈಸೆ ಮಜೂರಿ ಕಡಿಮೆ ತೆಗೆದುಕೊಳ್ಳೋಣ. ಎರಡು ವರ್ಷದ ಹಿಂದಿನ ಕಡಿತವನ್ನು ನೆನಪಿಸಿ ನಾನು ವಿರೋಧಿಸಿದೆ. ಆಯಿ ಒಪ್ಪಲಿಲ್ಲ. ಅಂದು ಕಡಿತದ ಕಾರಣವನ್ನು ಯಾರೂ ತಮಗೆ ತೋರಿಸಿರಲಿಲ್ಲ, ಇಂದು ಜೋಳದ ಬೆಲೆ ಕಣ್ಣಿಗೆ ಕಾಣುತ್ತದೆ, ಲೆಕ್ಕ ತಮ್ಮ ಮುಂದಿದೆ, ಯಾವಾಗ ನಿಲ್ಲಬೇಕೆಂದು ಹೇಳುವವರೂ ತಾವೇ ಎಂಬುದು ಅವರ ವಾದದ ತಿರುಳು. ಕೈ ಎತ್ತಿಸಿ ಒಪ್ಪಿಗೆ ಪಡೆದರು. ಮೂವರು ವಿರೋಧಿಸಿದರು, ಅವರ ಮಾತನ್ನೂ ಬರೆಸಿದರು. ಸಂಸ್ಥಾಪಕಿ ತಮ್ಮ ಸಂಬಳದಿಂದಲೂ ಅದೇ ಪ್ರಮಾಣದಲ್ಲಿ, ಅಂದರೆ ಹತ್ತರಲ್ಲಿ ಒಂದು ಪಾಲು, ಬಿಟ್ಟುಕೊಟ್ಟರು. 2024ರ ಯುಗಾದಿಯ ನಂತರ ಮದುವೆ ಸುಗ್ಗಿಯ ಆರ್ಡರುಗಳು ಹೊಸ ದರಕ್ಕೆ ಬಂದಾಗ ಮಜೂರಿ ಮತ್ತೆ 2.50ಕ್ಕೆ ಏರಿತು. ಈ ಮೂರೂವರೆ ತಿಂಗಳಲ್ಲಿ ಒಬ್ಬರೂ ಕೆಲಸ ಬಿಡಲಿಲ್ಲ.

ಕಲಿತದ್ದು ಮತ್ತು ಉಳಿದದ್ದು

ಬಡವರಿಗಾಗಿ ನಡೆಸುವ ಉದ್ಯಮವೂ ವ್ಯಾಪಾರವೇ. ಅಲ್ಲಿ ಮುರಿಯುವುದು, ತಡವಾಗುವುದು, ಬರ ಬೀಳುವುದು ಎಲ್ಲವೂ ಇದೆ. ಮೂರೂ ಸಲ ನಷ್ಟ ಬಂದಾಗ ಅದು ಹರಿದುಹೋಗಲು ಹುಡುಕಿದ ಮೊದಲ ದಾರಿ ಮಜೂರಿ, ಏಕೆಂದರೆ ಜೋಳದ ವ್ಯಾಪಾರಿ ಕಾಯುವುದಿಲ್ಲ, ಬಸ್ಸಿನವರು ಕಾಯುವುದಿಲ್ಲ, ಪರಿಚಯದ ಹೆಣ್ಣುಮಕ್ಕಳು ಕಾಯುತ್ತಾರೆ. ನಮ್ಮ ಉದ್ದೇಶ ಒಳ್ಳೆಯದಿದ್ದುದೇ ಈ ದಾರಿಯನ್ನು ಇನ್ನಷ್ಟು ಸುಲಭ ಮಾಡಿತ್ತು. ಅವರಿಗಾಗಿಯೇ ಮಾಡುತ್ತಿದ್ದೇವೆ ಎಂಬ ನಂಬಿಕೆಯಲ್ಲಿ ಅವರನ್ನು ಕೇಳುವುದನ್ನು ಬಿಟ್ಟಿದ್ದೆವು. ಬೇರೆ ಘಟಕಗಳ ಲೆಕ್ಕ ನೋಡುವಾಗ ನಾನು ಈಗ ಲಾಭದ ಪುಟವನ್ನು ಆಮೇಲೆ ತೆರೆಯುತ್ತೇನೆ. ಕಡಿತ ಎಲ್ಲಿದೆ, ಮಜೂರಿ ಎಷ್ಟು ದಿನ ಬಾಕಿ ನಿಂತಿತ್ತು, ಅದನ್ನು ಯಾರು ತೀರ್ಮಾನಿಸಿದರು ಎಂಬುದನ್ನು ಮೊದಲು ನೋಡುತ್ತೇನೆ.

ಆಗದೆ ಉಳಿದದ್ದನ್ನೂ ಹೇಳಬೇಕು. ಇಂದು 41 ಸದಸ್ಯೆಯರಿದ್ದಾರೆ, ಆದರೆ ಊರಿನ ಅತ್ಯಂತ ಬಡ ಮನೆಗಳು ಅವರಲ್ಲಿಲ್ಲ. ಕಬ್ಬು ಕಡಿಯಲು ಹೋಗುವ ಕುಟುಂಬಗಳ ಹೆಣ್ಣುಮಕ್ಕಳು ಆರು ತಿಂಗಳು ಊರಲ್ಲಿರುವುದಿಲ್ಲ. ಶೆಡ್ಡಿನ ಹಾಜರಿ, ವಾರದ ಷೇರು ಕಂತು ಎರಡೂ ಅವರಿಗೆ ಹೊಂದುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಬರುವವರಿಗೂ ಸದಸ್ಯತ್ವ ಕೊಡುವ ಪ್ರಸ್ತಾಪಕ್ಕೆ ಈಗಿನ ಸದಸ್ಯೆಯರಲ್ಲೇ ಒಮ್ಮತವಿಲ್ಲ. ಆ ಐದು ವಾರದಲ್ಲಿ ಹೊಸ ಸಾಲ ಎತ್ತಿದ ಒಂಬತ್ತು ಮಂದಿಯಲ್ಲಿ ಏಳು ಮಂದಿ ಅದನ್ನು ತೀರಿಸಿದ್ದಾರೆ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿದ ಮೇಲೆ ಮನೆ ಬಾಗಿಲಿನ ಗದ್ದಲ ಕಡಿಮೆಯಾಯಿತು. ಉಳಿದಿಬ್ಬರ ಸಾಲ ಮಾತ್ರ ಇನ್ನೂ ಇದೆ.

2025ರ ದಸರೆಯ ಸಭೆಯಲ್ಲಿ ಮಂಡಳಿ ಹಳೆಯ ಪುಸ್ತಕವನ್ನು ತರಿಸಿತು. ಏಕವ್ಯಕ್ತಿ ಸಂಸ್ಥೆಯ ಕಾಲದ ಆ ಕಡಿತಕ್ಕೂ ಇಂದಿನ ಕಂಪನಿಗೂ ಕಾನೂನಿನ ಸಂಬಂಧವಿಲ್ಲವೆಂದು ನಾನು ಹೇಳಿದೆ. ಕೇಳಿಸಿಕೊಂಡು, ಹಣ ಮರಳಿಸುವ ಠರಾವನ್ನು ಬರೆಸಿದರು. ಅದರ ಅರ್ಧವನ್ನು ಸಂಸ್ಥಾಪಕಿ ತಾವೇ ಕೊಟ್ಟರು. ನಾನು ಗೆರೆ ಎಳೆದಿದ್ದ ಕಾಲಮ್ಮನ್ನು ಕೂಡಿದಾಗ 17 ಮಂದಿಗೆ 14,860 ರೂಪಾಯಿ ಆಯಿತು. ಹದಿಮೂರು ಮಂದಿಗೆ ಶೆಡ್ಡಿನಲ್ಲಿಯೇ ಕೊಡಲಾಯಿತು. ಬಿಟ್ಟುಹೋಗಿದ್ದ ನಾಲ್ವರಲ್ಲಿ ಮೂವರ ಮನೆಗೆ ಆಯಿ ಮತ್ತು ಸಂಸ್ಥಾಪಕಿ ನಡೆದುಹೋಗಿ ಕೊಟ್ಟು ಬಂದರು. ನಾಲ್ಕನೆಯವರು ಗಂಡನೊಂದಿಗೆ ಗೋವಾಕ್ಕೆ ಹೋಗಿ ಎರಡು ವರ್ಷವಾಗಿದೆ, ಮನೆಗೆ ಬೀಗವಿದೆ. ಅವರ 912 ರೂಪಾಯಿ ಅವರ ಹೆಸರಿನಲ್ಲಿಯೇ ಪುಸ್ತಕದಲ್ಲಿದೆ.